ಬೆನ್ನು ಬಿಡದ ಲಾರಿ

ಮಾಣಿಕಪ್ಪನಿಗೆ ಕಾರು ಓಡಿಸಲು ಬರುತ್ತಿತ್ತು. ಆದರೆ ಮುಂದೆ ನೋಡಿಕೊಂಡು ಮಾತ್ರ. ಹಿಂದೆ ಏನು ನಡೆಯುತ್ತದೆ ಎಂಬುದು ಅವನ ಎಂಟು ದಿನದ ಕಲಿಕೆಯಲ್ಲಿ ಇನ್ನೂ ಬಂದಿರಲಿಲ್ಲ.

ಬಸವಕಲ್ಯಾಣದಲ್ಲಿ ಅವನದು ಪಾತ್ರೆ ಅಂಗಡಿ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಹುಮನಾಬಾದಿನ ಮೊಹಿನುದ್ದೀನ್ ಸಾಹೇಬರಿಂದ ಒಂದು ಹಳೆಯ ಬಿಳಿ ಫಿಯೆಟ್ ಕೊಂಡಿದ್ದ. ಅದನ್ನು ಇವತ್ತು ತಾನೊಬ್ಬನೇ ಓಡಿಸಿಕೊಂಡು ಮನೆಗೆ ತರಬೇಕು. ಬೆಳಿಗ್ಗೆ ಅವನು ಬಸ್ಸಿಗೆ ಹೊರಟಾಗಲೇ ಹೆಂಡತಿ ಲಲಿತಾಬಾಯಿ ತೀರ್ಪು ಕೊಟ್ಟಿದ್ದಳು.

"ನೋಡ್ರಿ, ಗಾಡಿಗಿ ಒಂದು ಗೀರು ಬಿದ್ದಿರಬಾರದು, ಒಂದು ತಗ್ಗು ಬಿದ್ದಿರಬಾರದು. ಬಿದ್ದಿತ್ತಂದ್ರ ನಾಳಿಗೇ ಮಾರಿಬಿಡಬೇಕು. ಸೈಕಲ್ ತಗೊಂಡು ಹೋಗಿ ಬಾವಿ ಕಟ್ಟಿಗಿ ಗುದ್ದಿದ್ದು ನಾ ಇನ್ನಾ ಮರ್ತಿಲ್ಲ."

"ಆ ಕಟ್ಟಿನೇ ರಸ್ತಾದಾಗ ಬಂದಿತ್ತು," ಎಂದಿದ್ದ ಮಾಣಿಕಪ್ಪ.

ಹುಮನಾಬಾದಿನಲ್ಲಿ ಗುಡಿಯ ಮುಂದೆ ಕಾರಿಗೆ ಪೂಜೆಯಾಯಿತು. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು, ಮೂತಿಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿದರು, ಎರಡು ಕಡೆ ಬಾಳೆಕಂದು ಕಟ್ಟಿದರು. ಮೊಹಿನುದ್ದೀನ್ ಸಾಹೇಬರ ಮನೆಯ ಹೆಂಗಸರು ಓಡಾಡುತ್ತಿದ್ದ ಗಾಡಿಯಾದ್ದರಿಂದ ಹಿಂದಿನ ಕಿಟಕಿಗಳಿಗೆಲ್ಲ ಹಸಿರು ಪರದೆ ಇತ್ತು. ಅದನ್ನು ಬಿಚ್ಚಲು ಹೋದಾಗ ಮಾಣಿಕಪ್ಪ ಬೇಡವೆಂದ. ಲಲಿತಾಬಾಯಿಗೆ ಬಿಸಿಲು ಬಡಿಯಬಾರದು ಎಂಬ ಕಾಳಜಿ.

"ಮುಂದಿನ ಫಿಕರ್ ನಿಮಗಿಲ್ಲ ಬಿಡ್ರಿ," ಎಂದರು ಸಾಹೇಬರು. "ಹಿಂದಿಂದ ಯಾವನರ ಹತ್ತಿಕೊಂಡು ಬಂದ್ರ ಕೈ ಹೊರಗ ಹಾಕಿ ಹಿಂಗ ಮುಂದಕ್ಕ ಬೀಸ್ರಿ. ದಾಟಿ ಹೋಗ್ತಾನ. ಹೋಗಲಿಲ್ಲಂದ್ರ ಹಗೂರ ನಡೀರಿ. ಅದಕ್ಕೂ ಹೋಗಲಿಲ್ಲಂದ್ರ ಬಾಜೂಕ ನಿಂತುಬಿಡ್ರಿ."

ಊರು ದಾಟಿ ಒಂದು ಮೈಲಿ ಆಗಿರಲಿಲ್ಲ, ಬಾಗಿಲ ಹೊರಗಿನ ಕನ್ನಡಿಯಲ್ಲಿ ಒಂದು ಲಾರಿ ಕಾಣಿಸಿತು. ನೋಡುನೋಡುತ್ತಿದ್ದಂತೆ ಅದು ಕನ್ನಡಿ ತುಂಬ ಆಯಿತು. ಆಮೇಲೆ ಕನ್ನಡಿಯಲ್ಲಿ ಲಾರಿಯ ಹಲ್ಲಿನಂಥ ಜಾಲರಿ ಬಿಟ್ಟು ಬೇರೇನೂ ಇರಲಿಲ್ಲ. ತಂಬಿಗೆಯೊಳಗೆ ತಂಬಿಗೆ ಇಟ್ಟಂತೆ ಫಿಯೆಟ್ಟಿನ ಹಿಂದೆಯೇ ಅಂಟಿಕೊಂಡಿತ್ತು.

ಮಾಣಿಕಪ್ಪ ಪಾಠ ಒಪ್ಪಿಸುವ ಹುಡುಗನಂತೆ ಕೈ ಹೊರಗೆ ಹಾಕಿ ಮುಂದಕ್ಕೆ ಬೀಸಿದ. ಲಾರಿಯಿಂದ ಹೋ ಎಂಬ ಕೂಗು ಎದ್ದಿತು. ಯಾರೋ ಹಲಗೆ ಬಾರಿಸತೊಡಗಿದರು. ಲಾರಿ ಇನ್ನೊಂದು ಗೇಣು ಹತ್ತಿರ ಬಂತು.

ನಿಧಾನ ನಡೆಸಿದ. ಲಾರಿಯೂ ನಿಧಾನವಾಯಿತು. ಒಬ್ಬ ಮುದುಕ ಸೈಕಲ್ ಮೇಲೆ ಇಬ್ಬರನ್ನೂ ದಾಟಿ, ತಿರುಗಿ ತಿರುಗಿ ನೋಡುತ್ತ ಮುಂದೆ ಹೋದ. ವೇಗ ಹೆಚ್ಚಿಸಿದ. ಲಾರಿಯೂ ಹೆಚ್ಚಿಸಿತು. ಕೊನೆಗೆ ಒಂದು ಬೇವಿನ ಮರದ ಕೆಳಗೆ ನಿಂತೇಬಿಟ್ಟ. ಹಿಂದೆ ಲಾರಿಯೂ ಸುಸ್ಸೆಂದು ನಿಂತಿತು. ಮಾಣಿಕಪ್ಪ ಇಳಿದು ಮೊದಲು ಕಾರಿನ ಹಿಂಭಾಗ ಸವರಿ ನೋಡಿದ. ಗೀರಿಲ್ಲ. ಲಾರಿಗೂ ಕಾರಿಗೂ ನಡುವೆ ಹಿಟ್ಟು ನಾದುವ ಒಂದು ಪರಾತ ಹಿಡಿಸುವಷ್ಟು ಜಾಗವಿತ್ತು.

ಡ್ರೈವರ್ ಜಹೀರುದ್ದೀನ್ ತಲೆ ಹೊರಗೆ ಹಾಕಿದ. "ಯಾಕ್ರಿ ಸೇಟ್, ನಿಂತ್ರಿ?"

"ನೀವು ಮುಂದ ಹೋಗ್ರಲ್ಲ. ಎಷ್ಟೊತ್ತಾತು ಕೈ ಮಾಡ್ಲಾಕತ್ತೀನಿ."

"ನಾವ್ ಮುಂದ ಹ್ಯಾಂಗ ಹೋಗೋದ್ರಿ? ಫಿಕರ್ ಮಾಡಬ್ಯಾಡ್ರಿ. ನೀವು ಎಲ್ಲಿ ಹೋಗ್ತೀರಿ ಅಲ್ಲಿ ನಾವು. ಬೆನ್ನು ಬಿಡಾಂವ ಅಲ್ಲ ನಾ." ಆಮೇಲೆ ಪರದೆಯ ಕಡೆ ಕಣ್ಣು ಮಾಡಿ, "ಒಳಗಿದ್ದವರಿಗಿ ಆರಾಮ ಕುಂಡ್ರಲಾಕ ಹೇಳ್ರಿ," ಎಂದ.

ಮಾಣಿಕಪ್ಪ ಹೋಗಿ ಪರದೆಯ ಸಂದಿಯಿಂದ ಒಳಗೆ ನೋಡಿದ. ಒಂದು ಜಾಕು, ಎರಡು ಹೋಳು ತೆಂಗಿನಕಾಯಿ. ಮತ್ಯಾರೂ ಇರಲಿಲ್ಲ.  ಪರದೆ ಮತ್ತೆ ಎಳೆದು, ಬೇಗ ಬೇಗ ಹತ್ತಿ ಕುಳಿತು ಗಾಡಿ ಬಿಟ್ಟ.

ರಾಜೇಶ್ವರ ದಾಟಿದ ಮೇಲೆ ಹಾರ್ನ್ ಶುರುವಾಯಿತು. ಲಾರಿಯ ಕಡೆಯಿಂದ ಪೀಂ ಪೀಂ ಎಂದು ಬಿಡದೆ ಬರುತ್ತಿತ್ತು. ಇಷ್ಟು ದೊಡ್ಡ ಲಾರಿಗೆ ಇಷ್ಟು ಸಣ್ಣ ಹಾರ್ನ್ ಯಾಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಮಾಣಿಕಪ್ಪ ಇರಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ: ಗೀರಿಲ್ಲದೆ ಮನೆ ಮುಟ್ಟಬೇಕು. ಹೈವೇ ಬಿಟ್ಟು ಬಸವಕಲ್ಯಾಣದ ದಾರಿಗೆ ತಿರುಗಿದ, ಲಾರಿಯೂ ತಿರುಗಿತು. ಊರೊಳಗೆ ಹೊಕ್ಕ, ಅದೂ ಹೊಕ್ಕಿತು. ಎಮ್ಮೆ ಎದುರಾದರೆ ಹಿಂದಕ್ಕೆ ಸರಿಯಬೇಕಾಗುತ್ತಿದ್ದ ತನ್ನ ಗಲ್ಲಿಗೆ ನುಗ್ಗಿದ. ಎರಡು ಕಡೆಯ ಗೋಡೆಗೆ ಉಜ್ಜುವುದೊಂದು ಬಾಕಿ, ಲಾರಿಯೂ ನುಗ್ಗಿತು.

ಮನೆ ಮುಂದೆ ಕಾರು ನಿಂತದ್ದೇ ತಡ, ಲಾರಿಯಿಂದ ನಲವತ್ತು ಜನ ದಬದಬ ಇಳಿದರು. ಜರಿ ಪೇಟದವರು, ಹಸಿರು ಸೀರೆಯವರು, ಹಲಗೆಯವರು. ಸನಾದಿಯವನು ನೆಲಕ್ಕೆ ಕಾಲಿಟ್ಟವನೇ ಊದತೊಡಗಿದ.

ಎದುರುಮನೆಯ ಮುಕ್ತಾಬಾಯಿ ಹೊಸ್ತಿಲಿಗೆ ಬಂದು ನಿಂತಳು. ಹೂವಿನ ಹಾರ ನೋಡಿದಳು, ಬಾಳೆಕಂದು ನೋಡಿದಳು, ಪರದೆ ನೋಡಿದಳು. ಉಳಿದದ್ದು ಅವಳಿಗೆ ತಾನಾಗಿಯೇ ತಿಳಿಯಿತು.

"ಲಲಿತಾ, ಆರತಿ ತಾಟು ತಗೊಂಡು ಹೊರಗ ಬಾ," ಎಂದು ಕೂಗಿದಳು. "ನಿನ್ನ ಗಂಡ ಕಾರ್ ತರ್ತೀನಂತ ಹೋಗಿ ಎರಡನೇ ಹೆಂಡ್ತಿನ್ನ ತಂದಾನ. ಬೀಗರ ಸಮೇತ."

"ಮುಕ್ತಾ ಅಕ್ಕಾ, ಸುಮ್ಮ ಇರ್ರಿ. ಈ ಮಂದಿ ಯಾರಂತ ನನಗೇ ಗೊತ್ತಿಲ್ಲ," ಎಂದ ಮಾಣಿಕಪ್ಪ.

"ಹೌದಪ್ಪ, ಸಿಕ್ಕಬಿದ್ದ ಮ್ಯಾಲೆ ಯಾರಿಗಿ ಗೊತ್ತಿರ್ತದ."

ಲಲಿತಾಬಾಯಿ ಹೊರಗೆ ಬಂದಳು. ಗಂಡನ ಮುಖ ನೋಡಲಿಲ್ಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಾಲ್ಕು ಮೂಲೆಯನ್ನೂ ಬೆರಳಿನಿಂದ ಸವರಿದಳು. ಗೀರಿಲ್ಲ. ಆಮೇಲೆ ಬಾಗಿಲು ತೆರೆದು ಪರದೆ ಸರಿಸಿದಳು. ಅಷ್ಟರಲ್ಲಿ ಲಾರಿಯಲ್ಲಿ ಡ್ರೈವರನ ಪಕ್ಕ ಕೂತಿದ್ದ ದೊಡ್ಡ ಪೇಟದ ಬಂಡೆಪ್ಪ ಕಾಕಾ ಕೂಡ ಬಂದು ಅವಳ ಭುಜದ ಮೇಲಿಂದ ಇಣುಕಿದ. ಇಬ್ಬರಿಗೂ ಕಂಡದ್ದು ಜಾಕು ಮತ್ತು ತೆಂಗಿನಕಾಯಿ.

"ಎಲ್ಲಿ ಆಕಿ?" ಎಂದಳು ಲಲಿತಾಬಾಯಿ.

"ಎಲ್ಲಿ ಮದಿಮಗ?" ಎಂದ ಬಂಡೆಪ್ಪ ಕಾಕಾ.

"ಯಾವ ಮದಿಮಗ?" ಎಂದ ಮಾಣಿಕಪ್ಪ.

ಬಂಡೆಪ್ಪ ಕಾಕಾ ಪೇಟ ತೆಗೆದು ಬೆವರು ಒರೆಸಿಕೊಂಡ. "ನಾವು ನಿರ್ಣಾದವರು ರೀ. ಮಂಠಾಳದಾಗ ನಮ್ಮ ಹುಡುಗನ ಲಗ್ನ, ಹನ್ನೆರಡೂವರಿಗಿ ಅಕ್ಷತಾ. ಹುಮನಾಬಾದದಾಗ ಫೋಟೋ ತೆಗಿಸಿಕೊಂಡು ಹೂವಿನ ಹಾರದ ಬಿಳಿ ಕಾರಿನಾಗ ಬರ್ತೀನಿ, ಅದರ ಹಿಂದೇ ಬರ್ರಿ ಅಂದಿದ್ದ. ನೀವು ಬಂದ್ರಿ. ಮ್ಯಾಲೆ ಕೈ ಮಾಡಿ ಬೇರೆ ಕರದ್ರಿ."

ಮಾಣಿಕಪ್ಪ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ.

ಆಗ ಲಾರಿಯ ಹಿಂದಿನಿಂದ ಮತ್ತೆ ಪೀಂ ಎಂದಿತು. ಜಹೀರುದ್ದೀನ್ ಕೆಳಗಿಳಿದು ಎಲ್ಲರ ಜೊತೆಗೇ ನಿಂತಿದ್ದ; ಹಾರ್ನ್ ಅವನದಲ್ಲ. ಎಲ್ಲರೂ ಗೋಡೆಗೆ ಮೈ ಒತ್ತಿಕೊಂಡು ಲಾರಿಯ ಹಿಂದಕ್ಕೆ ಹೋದರು. ಅಲ್ಲಿ ಆಗಷ್ಟೇ ಬಂದು ನಿಂತ, ಧೂಳು ಮೆತ್ತಿ ಹಾರದ ಸಮೇತ ಇಟ್ಟಿಗೆ ಬಣ್ಣವಾದ ಒಂದು ಬಿಳಿ ಕಾರು. ಅದರ ಮೂತಿಯಿಂದ ಬಚ್ಚಲ ಹಂಡೆಯಂತೆ ಹಬೆ ಏಳುತ್ತಿತ್ತು. ಒಳಗಿನಿಂದ ಇಟ್ಟಿಗೆ ಬಣ್ಣದ ಒಬ್ಬ ಹುಡುಗ, ಹಣೆಗೆ ಇಟ್ಟಿಗೆ ಬಣ್ಣದ ಬಾಸಿಂಗ ಕಟ್ಟಿಕೊಂಡು ಇಳಿದ.

"ಕಾಕಾ, ರಾಜೇಶ್ವರದಿಂದ ಹಾರ್ನ್ ಹೊಡದು ಹೊಡದು ಸಾಕಾತು. ಯಾಕ ಸೈಡ್ ಕೊಡಲಿಲ್ಲ?"

ಜಹೀರುದ್ದೀನ್ ತಲೆ ಕೆರೆದುಕೊಂಡ. "ನಮ್ಮ ಲಾರಿಗೂ ಮದಿಮಗನ ಕಾರಿಗೂ ನಡುವ ಯಾವನೋ ಹೊಕ್ಕೊಂಬೇಕಂತ ಮಾಡ್ಲಾಕತ್ತಾನ ಅಂದ್ಕೊಂಡೆ."

ಮದುಮಗನ ಕಾರಿನ ಡ್ರೈವರ್ ಮಚ್ಚೇಂದ್ರ ಬಾನೆಟ್ ಎತ್ತಿ ನೋಡಿ, "ಲಾರಿ ಧೂಳು ಕುಡದು ಕುಡದು ಇದು ಇನ್ನ ಸಂಜಿತನಾ ಏಳಂಗಿಲ್ಲ," ಎಂದು ಮುಚ್ಚಿದ. ಅಕ್ಷತೆಗೆ ಮುಕ್ಕಾಲು ಗಂಟೆ ಉಳಿದಿತ್ತು. ನಲವತ್ತು ಜೊತೆ ಕಣ್ಣು ಒಟ್ಟಿಗೆ ಬಿಳಿ ಫಿಯೆಟ್ಟಿನ ಕಡೆ ತಿರುಗಿದವು. ಹಾರ ಇತ್ತು, ಬಾಳೆಕಂದು ಇತ್ತು, ಪರದೆ ಕೂಡ ಇತ್ತು.

"ಪಾಪ, ಲಗ್ನದ ಕೆಲಸ," ಎಂದಳು ಲಲಿತಾಬಾಯಿ. ಸವತಿ ಇಲ್ಲ, ಗೀರಿಲ್ಲ. ಅವಳ ಮನಸ್ಸು ಬೆಣ್ಣೆಯಾಗಿತ್ತು. "ನಮ್ಮ ಗಾಡಿ ತಗೊಂಡು ಹೋಗ್ರಿ."

"ನಾ ಬಿಟ್ಟು ಬರ್ತೀನಿ," ಎಂದು ಮಾಣಿಕಪ್ಪ ಎದೆಯುಬ್ಬಿಸಿದ.

"ನಿಮ್ಮದು ಎಂಟು ದಿನದ ಕಲಿಕಿ, ಅವಸರದಾಗ ಬ್ಯಾಡ. ಆ ಡ್ರೈವರ್ ಅಣ್ಣಾಗ ಕೊಡ್ರಿ ಚಾವಿ."

ಚಾವಿ ಮಚ್ಚೇಂದ್ರನ ಕೈಗೆ ಹೋಯಿತು. ಹಿಂದೆ ಮದುಮಗ, ಅವನ ತಾಯಿ ಗಯಾಬಾಯಿ, ಕಳಸ ಹಿಡಿದ ತಂಗಿ. ಮುಂದೆ ಒಂದು ಜಾಗ ಉಳಿಯಿತು. ಮಾಣಿಕಪ್ಪ ಬಾಗಿಲಿಗೆ ಕೈ ಹಾಕುವುದರೊಳಗೆ ಗಯಾಬಾಯಿ, "ಬಾ ತಾಯಿ, ಮುತ್ತೈದಿ ಇದ್ದೀ, ನೀ ಮುಂದ ಕುಂಡ್ರು," ಎಂದು ಲಲಿತಾಬಾಯಿಯನ್ನು ಕರೆದಳು. ಲಲಿತಾಬಾಯಿ ಸೆರಗು ಸರಿಮಾಡಿಕೊಂಡು ಹುಟ್ಟಿದಾಗಿನಿಂದ ಕಾರಿನಲ್ಲೇ ಓಡಾಡಿದವಳಂತೆ ಕೂತಳು. ಕಾರು ಗಲ್ಲಿಯ ಆ ಕಡೆಯಿಂದ ಹೊರಟೇ ಹೋಯಿತು.

ಮಾಣಿಕಪ್ಪನನ್ನು ಬಂಡೆಪ್ಪ ಕಾಕಾ ಲಾರಿಗೆ ಎಳೆದುಕೊಂಡು ಜಹೀರುದ್ದೀನನ ಪಕ್ಕ ಕೂರಿಸಿದ. ಮಂಠಾಳದ ದಾರಿಯಲ್ಲಿ ಫಿಯೆಟ್ ಸಿಕ್ಕಿತು. ಎದುರಿಗೆ ಒಂದು ಬಂಡಿ ಬರುತ್ತಿತ್ತು. ಮಾಣಿಕಪ್ಪ ಸೀಟಿನ ತುದಿಗೆ ಬಂದ.

"ಜಹೀರ್ ಭಾಯಿ, ಜರಾ ಸಮೀಪ ಹೋಗು. ಅಂವ ಬಂಡಿ ನೋಡ್ಯಾನೋ ಇಲ್ಲೋ."

"ಸಮೀಪೇ ಇದ್ದೀವಲ್ರಿ ಸೇಟ್."

"ಇನ್ನಾ ಜರಾ. ನನ್ನ ಗಾಡಿ ಅದು, ಗೀರು ಬಿದ್ರ ನಾಳಿಗಿ ಮಾರಬೇಕು."

"ಇದಕ್ಕಿಂತ ಹತ್ತಿಕೊಂಡು ಹೋದ್ರ ಮುಂದಿನಾಂವ ಹೆದರ್ತಾನ್ರಿ."

"ಹೆದರ್ಲಿ. ಹೆದರಿದ್ರೇ ಹುಷಾರಲೇ ಹೊಡಿತಾನ," ಎಂದ ಮಾಣಿಕಪ್ಪ, ಮತ್ತು ತಾನೇ ಕೈ ಚಾಚಿ ಲಾರಿಯ ಹಾರ್ನ್ ಒತ್ತಿದ.