ಮಾತು ಕೇಳುವ ಕಂಪನಿ

ಗೋವರ್ಧನನ ಫಜೀತಿ ಶುರುವಾದದ್ದು ಎರಡು ಕೆಲಸ ಒಟ್ಟಿಗೇ ಸಿಕ್ಕಿದ್ದರಿಂದ. ಒಂದೂ ಸಿಗದಿದ್ದರೆ ದಿನಾ ಬೈಸಿಕೊಂಡು ನೆಮ್ಮದಿಯಾಗಿರುತ್ತಿದ್ದ. ಎಂಬಿಎ ಮುಗಿಸಿ ಐಮಂಗಲಕ್ಕೆ ಬಂದು ಕೂತವನಿಗೆ ಒಂದು ವಿಮಾ ಕಂಪನಿ, ಕಂಪನಿಯೊಳಗಿನ ಸಲಹೆಗಾರನ ಹುದ್ದೆ ಕೊಡುತ್ತೇವೆ, ಇವತ್ತು ಸಂಜೆ ಐದರೊಳಗೆ ಮೇಲ್ ಮಾಡಿ ಒಪ್ಪಿಗೆ ತಿಳಿಸಿ ಎಂದಿತ್ತು. ಇತ್ತ ಹಿರಿಯೂರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಸೋದರಮಾವ ನಿಂಗಪ್ಪ, "ಮ್ಯಾನೇಜರ್ ಕುರ್ಚಿ ಖಾಲಿ ಐತೆ, ಬರ್ತೀಯೋ ಇಲ್ವೋ ಇವತ್ತೇ ಹೇಳು" ಎಂದು ಪಟ್ಟು ಹಿಡಿದಿದ್ದ.

ಕಂಪನಿಯ ಕೆಲಸದ ಮೇಲೆ ಆಸೆ ಬೆಟ್ಟದಷ್ಟಿತ್ತು. ಅಳುಕು ಒಂದೇ: ಅಲ್ಲಿ ತನ್ನ ಮಾತನ್ನು ಯಾರಾದರೂ ಕೇಳುತ್ತಾರೆಯೇ? ಓದುವಾಗ ಅದೇ ಕಂಪನಿಗೆ ತರಬೇತಿಗೆ ಹೋಗಿ, ಖರ್ಚು ಇಳಿಸುವುದು ಹೇಗೆಂದು ವರದಿ ಒಪ್ಪಿಸಿದ್ದ. ಸಾಹೇಬರೆಲ್ಲ ಚಪ್ಪಾಳೆ ತಟ್ಟಿ, ಬಿಸ್ಕತ್ತು ತಿಂದು ಎದ್ದುಹೋಗಿದ್ದರು. ಆಮೇಲೆ ವರದಿಯ ಸುದ್ದಿಯೇ ಇರಲಿಲ್ಲ.

"ಅದೇನು ಕೆಲಸನಪ್ಪ?" ಪಕ್ಕದ ಮನೆಯ ಬೋರಕ್ಕ ರಾಗಿ ಕೇರುತ್ತಲೇ ಕೇಳಿದಳು.

"ಕಂಪನಿ ಒಳಗೇ ಇದ್ಕಂಡು, ಇಲ್ಲಿ ತಪ್ಪೈತೆ, ಹಿಂಗ್ ಮಾಡ್ರಿ ಅಂತ ಕಂಪನಿಗೇ ಹೇಳೋದು."

"ಅಂದ್ರೆ ಹೊಸ ಸೊಸೆ ಬಂದು ಅತ್ತೆಗೆ ಅಡಿಗೆ ಹೇಳ್ಕೊಟ್ಟಂಗೆ. ಎಷ್ಟು ದಿನ ಇಟ್ಕಂತಾರೆ?"

ಅಷ್ಟರಲ್ಲಿ ದೊಡ್ಡಪ್ಪ ಎತ್ತಪ್ಪ ತನ್ನ ಟಗರನ್ನು ಎಳೆದುಕೊಂಡು ಬಂದ. ವಿಮೆ ಮಾಡಿಸಿದ ಟಗರು. ಕಿವಿಗೆ ಚುಚ್ಚಿದ್ದ ವಿಮೆಯ ಬಿಲ್ಲೆ ಇನ್ನೇನು ಬೀಳುವಂತೆ ಜೋತಾಡುತ್ತಿತ್ತು.

"ವಿಮೆ ಕಂಪನಿ ಸೇರ್ತೀಯಂತೆ. ಈ ಬಿಲ್ಲೆ ಬಿದ್ರೆ ವಿಮೆ ದುಡ್ಡು ಸಿಗಲ್ವಂತೆ, ಇದಕ್ಕೊಂದು ದಾರಿ ಹೇಳಪ್ಪ."

"ಫೋಟೋ ತೆಗೆದು ಅವರ ಆಫೀಸಿಗೆ ಕಳಿಸಾಣ. ದೊಡ್ಡಪ್ಪ, ಕೊಂಬು ಗಟ್ಟಿಯಾಗಿ ಹಿಡ್ಕ. ಬಿಡಬ್ಯಾಡ."

"ಏ, ಇದು ಭಾಳ ಸಾಧು ಕಣಲೇ" ಎಂದ ಎತ್ತಪ್ಪ, ಎರಡೂ ಕೈ ಬಿಟ್ಟು ಬೀಡಿ ಹಚ್ಚಿದ.

ಸಾಧು ಗುಮ್ಮಿತು. ಗೋವರ್ಧನ ಬೇಲಿಯ ಮೇಲೆ ಬಿದ್ದ, ಫೋನು ಎಮ್ಮೆಯ ಮುಸುರೆ ಬಾನಿಯೊಳಗೆ ಬಿತ್ತು.

ಬೋರಕ್ಕ ಓಡಿಬಂದು ಫೋನನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಸೀದಾ ರಾಗಿಯ ಮೊರದತ್ತ ಹೊರಟಳು.

"ಬೋರಕ್ಕ, ರಾಗಿಗೆ ಹಾಕ್ಬ್ಯಾಡ! ಕಾಳು ತೂತಿನೊಳಗೆ ಹೋಗ್ತವೆ. ಗಾಳಿಗೆ ಒಣಗಲಿ."

"ಪ್ಯಾಟೆಯೋರು ಅಕ್ಕಿಗೆ ಹಾಕ್ತಾರಂತೆ. ನಾವೇನ್ ಅಕ್ಕಿ ಉಣ್ಣೋರಾ?" ಎಂದು ಫೋನನ್ನು ರಾಗಿಯೊಳಗೆ ಹೂತೇಬಿಟ್ಟಳು.

ಮಧ್ಯಾಹ್ನ ತೆಗೆದಾಗ ಚಾರ್ಜರ್ ಚುಚ್ಚುವ ತೂತು ಭರ್ತಿಯಾಗಿತ್ತು. ಎತ್ತಪ್ಪ ಸೈಕಲ್ ಪಂಪು ತಂದ. "ದೊಡ್ಡಪ್ಪ, ಊದಿದ್ರೆ ಇನ್ನೂ ಒಳಗೆ ಹೋಗ್ತವೆ" ಎಂದು ಗೋವರ್ಧನ ಕೈ ಮುಗಿದ. ಎತ್ತಪ್ಪ ಊದಿದ. ಕಾಳುಗಳು ಇನ್ನೂ ಒಳಗೆ ಹೋದವು.

ಗೋವರ್ಧನನಿಗೆ ಅಳುವೇ ಬಂತು. ಇಡೀ ದಿನದಲ್ಲಿ ತನ್ನ ಒಂದು ಮಾತನ್ನಾದರೂ ಯಾರೂ ಕೇಳಿರಲಿಲ್ಲ. ಕಂಪನಿಯವರು ಎಷ್ಟೋ ವಾಸಿ, ಚಪ್ಪಾಳೆಯನ್ನಾದರೂ ತಟ್ಟಿದ್ದರು. ಅಲ್ಲಿಗೇ ಹೋಗುವುದೆಂದು ಗಟ್ಟಿ ಮಾಡಿ, ಬೋರಕ್ಕನ ಫೋನಿನಿಂದಲೇ ಮಾವನಿಗೆ, "ನಾನು ಬರಲ್ಲ ಮಾವ, ನಂಗೆ ದೊಡ್ಡ ಕಂಪನಿ ಐತೆ" ಎಂದುಬಿಟ್ಟ.

"ಬಿಡು, ಹೊಳಲ್ಕೆರೆ ಹುಡುಗ ಇಲ್ಲೇ ಕುಂತವ್ನೆ. ಅವನನ್ನೇ ಇಟ್ಕಂತೀನಿ" ಎಂದು ಮಾವ ಫೋನಿಟ್ಟ.

ಆಮೇಲೆ ಗೋವರ್ಧನ ಪಿನ್ನು ಹಿಡಿದು ತನ್ನ ಫೋನಿನಿಂದ ಒಂದೊಂದೇ ಕಾಳು ಕೀಳುತ್ತ ಕೂತ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಚಾರ್ಜರ್ ಚುಚ್ಚಿದ, ಫೋನಿಗೆ ಜೀವ ಬಂತು. ಒಪ್ಪಿಗೆ ಬರೆಯಲು ಹೋದರೆ ಕಂಪನಿಯದೇ ಹೊಸ ಮೇಲ್ ಬಂದಿತ್ತು.

'ತರಬೇತಿಯಲ್ಲಿ ತಾವು ಒಪ್ಪಿಸಿದ ವರದಿಯನ್ನು ಆಡಳಿತ ಮಂಡಳಿ ಬಹಳ ಮೆಚ್ಚಿದೆ. ಪಾಲಿಸಿ ಮಾರದ ಯಾವ ಹೊಸ ಹುದ್ದೆಯನ್ನೂ ತುಂಬಬಾರದೆಂಬ ತಮ್ಮ ಸಲಹೆಯನ್ನು ಇಂದಿನಿಂದಲೇ ಜಾರಿಗೆ ತಂದಿದ್ದೇವೆ. ಆದಕಾರಣ ತಮ್ಮ ಹುದ್ದೆಯನ್ನು ರದ್ದುಪಡಿಸಲಾಗಿದೆ. ತಮ್ಮ ಅಮೂಲ್ಯ ಸಲಹೆಗೆ ಕೃತಜ್ಞತೆಗಳು.'

"ಏನಂತಪ್ಪ?" ಬೋರಕ್ಕ ಇಣುಕಿದಳು.

"ನನ್ ಮಾತು ಕೇಳಿದ್ರಂತೆ ಬೋರಕ್ಕ."

ಬೋರಕ್ಕ ಹಿಗ್ಗಿ ಹೀರೇಕಾಯಿಯಾಗಿ, ಸಕ್ಕರೆ ಡಬ್ಬಿ ತರಲು ಒಳಗೋಡಿದಳು. ಅಷ್ಟು ದೊಡ್ಡ ಕಂಪನಿಯೇ ಹುಡುಗನ ಮಾತು ಕೇಳಿದ ಮೇಲೆ ಎತ್ತಪ್ಪನಿಗೂ ನಾಚಿಕೆಯಾಯಿತು. ಟಗರಿನ ಕೊಂಬನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಹೇಳಪ್ಪ, ಇನ್ ಮ್ಯಾಲೆ ನಾನೂ ನೀನ್ ಹೇಳ್ದಂಗೇ ಕೇಳ್ತೀನಿ" ಎಂದ.

ಗೋವರ್ಧನ ಗಾಬರಿಯಿಂದ ಎದ್ದು ನಿಂತ.

"ಬ್ಯಾಡ ದೊಡ್ಡಪ್ಪ, ನೀನಾದ್ರೂ ಕೇಳ್ಬ್ಯಾಡ."