ಶಾಂತವ್ವನ ಕಡೆಗೆ ಬಾರದ ಬಾಣ

ಜುಲೈ ಎಂಟು, ಮಂಗಳವಾರ, ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಯಾವುದನ್ನಾದರೂ ಎಣಿಸಿಬಿಟ್ಟರೆ ಅದು ಅರ್ಥವಾದಂತೆಯೇ ಎಂದು ನಂಬುವ ಸ್ವಭಾವ ನನ್ನದು. ಮನೆಯಲ್ಲಿ ಹಾಲು ಉಕ್ಕಿದ ದಿನಗಳಿಗೂ ನನ್ನ ಬಳಿ ಲೆಕ್ಕವಿದೆ. ಉಕ್ಕುವುದು ಮಾತ್ರ ನಿಂತಿಲ್ಲ.

ಇರಕಲ್ಲಗಡದ ಶಾಲೆಯಲ್ಲಿ ಐದನೆಯ ತರಗತಿ ನನ್ನದು. ಮಕ್ಕಳ ನಡುವಿನ ಸ್ನೇಹ ತಿಳಿಯಲು ತರಬೇತಿಯಲ್ಲಿ ಒಂದು ದಾರಿ ಹೇಳಿಕೊಟ್ಟಿದ್ದರು: ಯಾರ ಪಕ್ಕ ಕೂರಲು ಇಷ್ಟ ಎಂದು ಚೀಟಿಯಲ್ಲಿ ಬರೆಸಿ, ಹೆಸರಿನಿಂದ ಹೆಸರಿಗೆ ಬಾಣ ಎಳೆಯುವುದು. ಕಳೆದ ವಾರ ಬರೆಸಿದೆ. ಬಾಣಗಳು ಹೆಚ್ಚಾಗಿ ಬಸವರಾಜನ ಕಡೆಗೇ ನುಗ್ಗಿದವು. ಜೂನ್‌ನಲ್ಲಿ ಹುಲಿಹೈದರದಿಂದ ಅಜ್ಜಿಯ ಮನೆಗೆ ಬಂದು ಸೇರಿದ ಶಾಂತವ್ವನಿಗೆ ಒಂದೂ ಇಲ್ಲ. ಇದನ್ನು ನನ್ನಲ್ಲೇ ಇಟ್ಟುಕೊಳ್ಳಬೇಕಿತ್ತು. ಆದರೆ ನಾಲ್ಕು ಬಣ್ಣದಲ್ಲಿ ಅಷ್ಟು ಚೆಂದ ಬಂದ ನಕ್ಷೆ, ಗೋಡೆಗೆ ಅಂಟಿಸಿದೆ. ಮರುದಿನದಿಂದ ಶಾಂತವ್ವ ಬರಲಿಲ್ಲ.

ಶನಿವಾರ ಆಟದ ಹೊತ್ತು. ತಂಡ ಮಾಡುವಾಗ ನಮ್ಮ ಮಕ್ಕಳು ಜೋಡಿಯಾಗಿ ದೂರ ಹೋಗಿ, ಗುಟ್ಟಾಗಿ ಒಬ್ಬೊಬ್ಬರೂ ಒಂದೊಂದು ಹಣ್ಣಿನ ಹೆಸರಿಟ್ಟುಕೊಂಡು ಬಂದು, “ಪೇರಲ ಬೇಕೋ, ಬಾರಿಹಣ್ಣು ಬೇಕೋ?” ಎಂದು ಕೇಳುತ್ತಾರೆ. ನಾಯಕ ಹಣ್ಣನ್ನು ಆರಿಸುತ್ತಾನೆ; ಆ ಹೆಸರಿನವರು ಅವನ ತಂಡಕ್ಕೆ, ಜೋಡಿಯ ಇನ್ನೊಬ್ಬರು ಎದುರು ತಂಡಕ್ಕೆ. ಯಾರನ್ನೂ ಬೇಡ ಅನ್ನುವ ಪ್ರಸಂಗವೇ ಬರುವುದಿಲ್ಲ. ಅವತ್ತು ನನ್ನ ತರಗತಿಯ ಗೌರವ್ವ ಒಬ್ಬಳೇ ನಿಂತಿದ್ದಳು.

“ಶಾಂತವ್ವ ಇಲ್ದ ನನಗ ಜೋಡಿನ ಇಲ್ರಿ ಟೀಚರ್.”

“ಹಂಗಾದ್ರ ಚೀಟ್ಯಾಗ ಆಕಿ ಹೆಸರು ಯಾಕ ಬರೀಲಿಲ್ಲ?”

“ನೀವು ಯಾರ ಬಾಜೂಕ ಕುಂದ್ರತಿ ಅಂತ ಕೇಳಿದ್ರಿ. ಮರುದಿನ ಗಣಿತ ಪರೀಕ್ಷಾ ಇತ್ತಲ್ರಿ. ಬಸ್ಯಾ ಲೆಕ್ಕದಾಗ ಶಾಣ್ಯಾ, ಅವನ ಬಾಜೂಕ ಕುಂತ್ರ ಛಲೋ ಅಲ್ಲೇನ್ರಿ?”

ನಾನು ನಾಲ್ಕು ಬಣ್ಣದಲ್ಲಿ ಬರೆದದ್ದು ಸ್ನೇಹವನ್ನಲ್ಲ, ಭಾಗಾಕಾರದ ಭಯವನ್ನು. ನಕ್ಷೆ ಕಿತ್ತು, ಗೌರವ್ವನನ್ನು ಕರೆದುಕೊಂಡು ಶಾಂತವ್ವನ ಮನೆಗೆ ಹೋದೆ. ಅಜ್ಜಿ ಬಾಗಿಲಲ್ಲೇ ತಡೆದಳು: “ನಮ್ಮ ಹುಡುಗಿ ಯಾರಿಗೂ ಬ್ಯಾಡ ಅಂತ ಗ್ವಾಡಿಗೆ ಹಚ್ಚೀರಂತಲ್ರಿ! ಸಾಲಿ ಬಿಟ್ಟು ಅವ್ವನ ಜೋಡಿ ಕೂಲಿಗೆ ಹೊಕ್ಕೀನಿ ಅಂತ ಹಟ ಹಿಡದಾಳ.”

ಗೌರವ್ವ ನನ್ನ ಸೆರಗಿನ ಹಿಂದಿನಿಂದ ಇಣುಕಿ, “ಏ ಶಾಂತಿ, ನೀ ಇಲ್ಲಂತ ನನ್ನ ಆಟದಾಗ ತಗೊಳವಲ್ಲರ. ಬಾರಲೇ!” ಎಂದು ಗದರಿದಳು. ಒಳಗಿನಿಂದ ಸಣ್ಣ ದನಿ ಕೇಳಿತು: “ನನಗ ಪೇರಲ ಅಂತ ಹೆಸರಿಡಬೇಕು ನೋಡು.”

ಸೋಮವಾರ ಶಾಂತವ್ವ ಬಂದಳು. ಸಂಜೆ ಆಟದಲ್ಲಿ ಇಬ್ಬರೂ ಕೈಹಿಡಿದು ದೂರ ಓಡುವುದನ್ನು ನೋಡಿ, “ನಾನೂ ಬರಲೇನ?” ಎಂದೆ. ಶಾಂತವ್ವ ಗಂಭೀರವಾಗಿ ನನ್ನನ್ನು ನೋಡಿದಳು.

“ಬ್ಯಾಡ್ರಿ ಟೀಚರ್. ನೀವು ಬಂದ್ರ ಜೋಡಿ ಕೆಡತೈತಿ.”

ಏನು ಕೇಳಿದರೆ ಮಕ್ಕಳ ಮನಸ್ಸು ತಿಳಿಯುತ್ತದೆಂದು ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅಲ್ಲಿಯವರೆಗೆ ನಾನು ಏನೂ ಕೇಳದೆ, ಕಟ್ಟೆಯ ಮೇಲೆ ಒಬ್ಬಳೇ ಕೂತು ನೋಡುತ್ತಿರುತ್ತೇನೆ.