ಆರು ಲೋಟಗಳ ಸಮಿತಿ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಬ್ಬ ಮನುಷ್ಯ ಯಾರಿಗೂ ಹೇಳದೆ ಒಳಗೇ ಬಚ್ಚಿಟ್ಟುಕೊಂಡಿದ್ದ ಆಸೆಯನ್ನು ಹತ್ತು ಜನರ ಮುಂದೆ ಹರವುವುದು ಸರಿಯೋ ತಪ್ಪೋ ತಿಳಿಯದೆ ಎರಡು ಸಲ ಬರೆದು ಹರಿದುಹಾಕಿದ್ದೇನೆ. ತಪ್ಪಿದ್ದರೆ ನನ್ನದು, ಟೇಲರ್‌ನದಲ್ಲ.

ರಗಳೆ ಶುರುವಾದದ್ದು ಒಂದು ಲಕೋಟೆಯಿಂದ. ‘ಯೋಜನಾಧಿಕಾರಿಗಳು ಬುಧವಾರ ಬೆಳಿಗ್ಗೆ ಹತ್ತಕ್ಕೆ ಖುದ್ದಾಗಿ ಬಂದು, ಹುಲ್ಲುಗಾವಲನ್ನು ನೋಡಿ, ಸ್ಥಳದಲ್ಲೇ ತೀರ್ಮಾನ ಕೊಡುವರು’ ಎಂದು ಅದರಲ್ಲಿತ್ತು. ಊರು ಉಳಿಸುವ ಸಮಿತಿಯವರೆಲ್ಲ ಚಪ್ಪಾಳೆ ತಟ್ಟಿದರು. ಸಮಿತಿಯ ಕಾರ್ಯದರ್ಶಿ ಟೇಲರ್ ಕೂಡ ತಟ್ಟಿದ. ಆದರೆ ಅವನ ಮುಖ ಮಾತ್ರ ಹಿಂಡಿ ಹಾಗೇ ಬಿಟ್ಟ ಅಂಗಿಯಂತೆ ಮುದುಡಿಕೊಂಡಿತು.

ಊರಿನ ಹಳ್ಳಿತನ ಕೆಡಬಾರದೆಂದು ಹಿಂದಿನವರು ಒಂದು ನಿಯಮ ಮಾಡಿಸಿದ್ದರು. ಎರಡು ಅಂತಸ್ತಿಗಿಂತ ಮೇಲೆ ಕಟ್ಟಬಾರದು, ರಸ್ತೆಯಂಚಿನಿಂದ ಹದಿನೈದು ಅಡಿ ಬಿಡಬೇಕು, ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಇರಬೇಕು. ಈಗ ಒಂದು ಕಂಪನಿ ಟೇಲರ್ ಅಂಗಡಿಯ ಎದುರಿನ ಹುಲ್ಲುಗಾವಲನ್ನು ಕೊಂಡು, ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ನಲವತ್ತು ಮನೆ ಮಾಡುತ್ತೇವೆ, ನಿಯಮ ಸಡಿಲಿಸಿ ಎಂದು ಅರ್ಜಿ ಹಾಕಿತ್ತು.

ಆ ಬಯಲಿನ ಬೆಳಕು ನೇರ ಅಂಗಡಿಯೊಳಕ್ಕೆ ಬರುತ್ತಿತ್ತು. ಟೇಲರ್‌ನ ಹೆಂಡತಿ ಇದ್ದಷ್ಟು ದಿನ ಸಂಜೆ ಆರರವರೆಗೂ ದೀಪ ಹಾಕದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ಬೆಳಕಿಗೆ ಗೋಡೆ ಅಡ್ಡ ಬರುವುದು ಅವನಿಗೆ ಬೇಡ. ಆದರೆ ಸಮಿತಿ ಗೆಲ್ಲುವುದೂ ಬೇಡ.

ಯಾಕೆಂದರೆ ಹೆಂಡತಿ ಹೋಗಿ ಮೂರು ವರ್ಷವಾಗಿತ್ತು. ಮೊದಲೆರಡು ವರ್ಷ ಅವನು ಮಾತಾಡಿದ್ದು ಅಂಗಡಿಯ ಬೊಂಬೆಯ ಜೊತೆ. ಅದಕ್ಕೆ ತಲೆಯೇ ಇರಲಿಲ್ಲ, ಹೂಂಗುಟ್ಟುವುದು ದೂರದ ಮಾತು. ಬಂದವರು ಕೂರಲಿ ಎಂದು ಅಂಗಡಿಯ ಮುಂದೆ ತಗಡಿನ ಚಪ್ಪರ ಹಾಕಿಸಿ, ಕೆಳಗೆ ಉದ್ದನೆಯ ಬೆಂಚು ಇಟ್ಟ. ಧೂಳು ಬಂದು ಕೂತಿತು. ಆಮೇಲೆ ಕಂಪನಿ ಬಂತು, ಅದರ ಹಿಂದೆಯೇ ಸಮಿತಿ ಬಂತು. ಹತ್ತು ತಿಂಗಳಿಂದ ಪ್ರತಿ ಸಂಜೆ ಐದು ಜನ ಬಂದು, ಬೆಂಚಿನ ಮೇಲೆ ಕೂತು, ಟೀ ಕುಡಿದು, ಕಂಪನಿಯನ್ನು ಬೈದು ಹೋಗುತ್ತಿದ್ದರು. ಅವರು ಹೋದ ಮೇಲೆ ತೊಳೆಯಲು ಆರು ಲೋಟ ಇರುತ್ತಿದ್ದವು. ಟೇಲರ್ ಅವನ್ನು ನಿಧಾನವಾಗಿ, ಒಂದೊಂದಾಗಿ ತೊಳೆಯುತ್ತಿದ್ದ.

ಗೆದ್ದರೂ ಸಮಿತಿ ಮುಗಿಯಿತು, ಸೋತರೂ ಮುಗಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಬಡಿದಾಟ ಮಾತ್ರ ನಿಲ್ಲಬಾರದು, ಇಷ್ಟೇ ಅವನ ಆಸೆ.

ಸಮಿತಿಯ ಶಿಸ್ತಿನಲ್ಲಿ ಮಾತ್ರ ಅವನು ಕಟ್ಟುನಿಟ್ಟು. ಹುಲ್ಲುಗಾವಲು ಮಾರಿದ್ದು ಹಾಲಿನವನ ಚಿಕ್ಕಪ್ಪ. ಹಾಗಾಗಿ ‘ಯಾರ ಮನೆಯ ವಿಷಯವೋ ಅವರು ಸಭೆಯಲ್ಲಿ ಕೂರತಕ್ಕದ್ದಲ್ಲ’ ಎಂದು ಮುದ್ದಾದ ಅಕ್ಷರದಲ್ಲಿ ಠರಾವು ಬರೆದು ಹಾಲಿನವನನ್ನು ಎಬ್ಬಿಸಿದ್ದ. ಪಾಪ, ಅವನು ಹತ್ತು ತಿಂಗಳೂ ಸಂಜೆ ಹೊತ್ತು ದೂರದ ಮೋರಿ ಕಟ್ಟೆಯ ಮೇಲೆ ಕೂತು ಚಪ್ಪರದತ್ತ ನೋಡುತ್ತಿದ್ದ.

ಬುಧವಾರ ಬೆಳಿಗ್ಗೆ ಏಳಕ್ಕೇ ಸಮಿತಿಯ ಅಧ್ಯಕ್ಷರಾದ ನಿವೃತ್ತ ಮೇಷ್ಟರು ತಮ್ಮ ಕೋಟು ಹಿಡಿದು ಬಂದರು. “ಟೇಲರೇ, ಒಳಗಿನ ಲೈನಿಂಗ್ ಬಿಟ್ಟಿದೆ. ಎರಡು ಹೊಲಿಗೆ ಹಾಕಿಬಿಡ್ರಿ. ಅಧಿಕಾರಿ ಮುಂದೆ ಮಾನ ಹೋಗಬಾರದು.”

ಮೇಷ್ಟರು ಅತ್ತ ಹೋದದ್ದೇ ತಡ, ಟೇಲರ್‌ಗೆ ಉಪಾಯ ಹೊಳೆಯಿತು. ಊರಿನವರ ನೂರ ನಲವತ್ತು ಸಹಿ ಇದ್ದ ಕಾಗದ ಅವನ ಬಳಿಯೇ ಇತ್ತು. ಸಹಿ ಇಲ್ಲದಿದ್ದರೆ ವಿಚಾರಣೆ ಮುಂದಕ್ಕೆ ಹೋಗಲೇಬೇಕು. ಕಾಗದವನ್ನು ಮಡಚಿ ಕೋಟಿನ ಲೈನಿಂಗ್ ಒಳಗೆ ಸೇರಿಸಿ ಹೊಲಿದುಬಿಟ್ಟ. ಅವಸರಕ್ಕೆ ಹೊಲಿಗೆ ಮಾತ್ರ ಸ್ವಲ್ಪ ದೂರದೂರ ಬಿತ್ತು.

ಹತ್ತಕ್ಕೆ ಅಧಿಕಾರಿ ಬಂದರು. ಕೊಡೆ ಹಿಡಿದ, ಕಡಿಮೆ ಮಾತಿನ ಹೆಂಗಸು. ಜೊತೆಗೆ ಕನ್ನಡಿಯಂತೆ ಹೊಳೆಯುವ ಬೂಟು ಹಾಕಿದ ಕಂಪನಿಯವ.

“ಸಹಿ ಕಾಗದ ಕೊಡಿ,” ಎಂದರು ಅಧಿಕಾರಿ.

“ಎಲ್ಲೋ ಇಟ್ಟಿದ್ದೆ ಮೇಡಂ, ಕೈಗೇ ಸಿಗ್ತಿಲ್ಲ,” ಎಂದ ಟೇಲರ್.

“ಬಾಯಲ್ಲಿ ಹತ್ತು ಗುಂಡುಸೂಜಿ ಇಟ್ಕೊಂಡು ಒಂದನ್ನೂ ನುಂಗಲ್ಲ, ಊರಿನ ಸಹೀನೆಲ್ಲ ನುಂಗಿಬಿಟ್ರಲ್ಲ!” ಎಂದು ಬೇಕರಿ ಅಕ್ಕ ಹಣೆ ಚಚ್ಚಿಕೊಂಡಳು. ಅವಳದು ಸಮಿತಿಯಲ್ಲೇ ದೊಡ್ಡ ಗಂಟಲು.

“ಹಾಗಾದ್ರೆ ಇನ್ನೊಂದು ದಿನ ಇಟ್ಕೊಳ್ಳೋಣ,” ಎಂದರು ಅಧಿಕಾರಿ. ಟೇಲರ್‌ನ ಎದೆ ಬಿಸಿ ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟ ಕುಣಿಯಿತು.

ಆದರೆ ಮೇಷ್ಟರು ಭಾಷಣಕ್ಕೆ ತಯಾರಾಗಿ ಬಂದಿದ್ದರು. ಅದನ್ನು ಮನೆಗೆ ವಾಪಸು ಒಯ್ಯುವುದು ಅವರಿಂದ ಆಗದು. “ಮೇಡಂ, ಒಂದೇ ನಿಮಿಷ. ನೋಡಿ ಈ ಬಯಲನ್ನ!” ಎಂದು ಬಲಗೈಯನ್ನು ಆಕಾಶಕ್ಕೆ ಎತ್ತಿದರು. ಚರ್ರ್ ಎಂದು ಲೈನಿಂಗ್ ಕಿತ್ತು, ನೂರ ನಲವತ್ತು ಸಹಿ ಅಧಿಕಾರಿಯ ಕಾಲ ಬಳಿ ಉದುರಿತು.

“ಎದೆ ಹತ್ರ ಇಟ್ಟು ಹೊಲಿಸ್ಕೊಂಡಿದ್ರಾ?” ಅಧಿಕಾರಿಯ ದನಿ ಮೆತ್ತಗಾಯಿತು.

ಮೇಷ್ಟರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಮೂವತ್ತು ವರ್ಷ ಪಾಠ ಮಾಡಿದವರಿಗೆ ‘ಗೊತ್ತಿಲ್ಲ’ ಎಂದು ಹೇಳಿ ರೂಢಿಯಿರಲಿಲ್ಲ. “ಹೌದು ಮೇಡಂ. ಊರು ಅಂದ್ರೆ ನಮಗೆ ಹಾಗೆ.”

ಒಂದು ದಾರಿ ಮುಚ್ಚಿತು. ಟೇಲರ್ ಇನ್ನೊಂದು ಹಿಡಿದ. ಹುಲ್ಲುಗಾವಲಿಗೆ ಹೋಗಲು ಒಳ್ಳೆಯ ಕಾಲುದಾರಿ ಇದ್ದರೂ, “ಹೀಗೆ ಬನ್ನಿ ಮೇಡಂ, ಹತ್ರ ಆಗುತ್ತೆ,” ಎಂದು ಜೌಗಿನ ಕಡೆಗೆ ಕರೆದೊಯ್ದ. ಕಾಲು ಕೆಸರಾದರೆ ಬೇಸರಪಟ್ಟು ಹೊರಟುಹೋಗುತ್ತಾರೆ ಎಂಬ ಎಣಿಕೆ. ಹತ್ತು ಹೆಜ್ಜೆಗೆ ಅಧಿಕಾರಿಯ ಕಾಲು ಹೂತಿತು. ಆಯ ತಪ್ಪಿ, ಅವರ ಕೈಯಲ್ಲಿದ್ದ ಅಳತೆಯ ಟೇಪು ಕೆಸರಿಗೆ ಬಿದ್ದು ಮುಳುಗಿತು. ಕಂಪನಿಯವನ ಒಂದು ಬೂಟು ಬುಳುಕ್ ಎಂದು ಒಳಗೆ ಹೋದದ್ದು ಮತ್ತೆ ಮೇಲೆ ಬರಲಿಲ್ಲ.

ಅಧಿಕಾರಿ ಕೊಡೆಯ ತುದಿಯಿಂದ ನೆಲವನ್ನು ಚುಚ್ಚಿದರು. ಅರ್ಧ ಕೊಡೆ ಇಳಿಯಿತು.

“ನಿಮ್ಮ ವರದೀಲಿ ಗಟ್ಟಿ ನೆಲ ಅಂತ ಬರೆದಿದ್ದೀರಿ?”

“ಬೇಸಗೆಯಲ್ಲಿ ಗಟ್ಟಿ ಇರುತ್ತೆ ಮೇಡಂ,” ಎಂದ ಕಂಪನಿಯವ, ಒಂಟಿಕಾಲಿನ ಕೊಕ್ಕರೆಯಂತೆ ನಿಂತು.

“ಬೇಸಗೇಲಿ ಮಾತ್ರ ಅದು ನೆಲ ಮೇಡಂ, ಮಿಕ್ಕ ತಿಂಗಳೆಲ್ಲ ಪಾಯಸ,” ಎಂದಳು ಬೇಕರಿ ಅಕ್ಕ. ಆಮೇಲೆ ಟೇಲರ್ ಕಡೆ ತಿರುಗಿ, “ಎಂಥ ತಲೆ ರೀ ನಿಮ್ದು! ಬೇಕಂತಲೇ ಈ ದಾರೀಲಿ ಕರ್ಕೊಂಡು ಬಂದ್ರಿ, ಅಲ್ವಾ?”

ಹೌದು ಎಂದ ಟೇಲರ್. ಅಷ್ಟು ಮಾತ್ರ ನಿಜವಾಗಿತ್ತು.

ಎಲ್ಲರೂ ಚಪ್ಪರಕ್ಕೆ ಮರಳಿದರು. ಅಧಿಕಾರಿ ಬೆಂಚಿನ ಮೇಲೆ ಕೂತು ಪೆನ್ನು ತೆಗೆದರು. ಆ ಪೆನ್ನಿನ ಮುಚ್ಚಳ ತಿರುಗುವುದನ್ನು ನೋಡುತ್ತಾ ಟೇಲರ್‌ಗೆ ನಾಳೆಯ ಸಂಜೆ ಕಣ್ಣಿಗೆ ಕಟ್ಟಿತು: ಬೆಂಚು, ಧೂಳು, ತಲೆಯಿಲ್ಲದ ಬೊಂಬೆ. ತಡೆಯಲಾಗಲಿಲ್ಲ.

“ಮೇಡಂ! ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ. ಕಂಪನಿಗೆ ಒಂದು, ನಮಗೊಂದು ಅಂತ ನಾಳೆ ಯಾರೂ ಅನ್ನಬಾರದು. ಊರಲ್ಲಿರೋ ಕಟ್ಟಡ ಎಲ್ಲ ಅಳೆಸಿ. ಆಮೇಲೆ ನಿಧಾನಕ್ಕೆ ತೀರ್ಮಾನ ಮಾಡಿ.” ನೂರ ಹತ್ತು ಕಟ್ಟಡ. ಏನಿಲ್ಲವೆಂದರೂ ಆರು ತಿಂಗಳು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ.

ಅಧಿಕಾರಿ ತಲೆಯೆತ್ತಿ ಅವನನ್ನು ಮೆಚ್ಚುಗೆಯಿಂದ ನೋಡಿದರು. “ಇಪ್ಪತ್ತು ವರ್ಷದ ನೌಕರೀಲಿ ಈ ಮಾತು ಯಾರೂ ಆಡಿರಲಿಲ್ಲ. ಖಂಡಿತ ಅಳೆಯೋಣ. ಕಂಪನಿ ಅರ್ಜಿಗೆ ಆ ಅಳತೆಯ ಹಂಗು ಬೇಡ, ಕೆಸರು ನೋಡಿದ್ಮೇಲೆ ಅದು ತಿರಸ್ಕಾರ ಆಯ್ತು.” ಸಹಿ ಹಾಕಿಯೇಬಿಟ್ಟರು. “ಅಳತೆ ಈಗಲೇ ಶುರು ಮಾಡೋಣ. ಹತ್ತಿರದ ಕಟ್ಟಡ ಯಾವುದು?”

ಎಲ್ಲರೂ ತಲೆಯ ಮೇಲಿನ ತಗಡನ್ನು ನೋಡಿದರು.

“ಆದ್ರೆ ನನ್ನ ಟೇಪು ಕೆಸರಲ್ಲಿ ಹೋಯ್ತಲ್ಲ,” ಎಂದರು ಅಧಿಕಾರಿ.

ಟೇಲರ್ ಉಸಿರು ಬಿಡುವಷ್ಟರಲ್ಲಿ ಬೇಕರಿ ಅಕ್ಕ ಅವನ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಎಳೆದು ಕೊಟ್ಟಳು. “ತಗೊಳ್ಳಿ ಮೇಡಂ, ಇದು ಸುಳ್ಳು ಹೇಳಲ್ಲ.” ಐದಡಿಯ ಟೇಪು. ರಸ್ತೆಯಂಚಿನಿಂದ ಚಪ್ಪರದ ಕಂಬಕ್ಕೆ ಎರಡು ಟೇಪು, ಮೇಲೆ ಒಂದಡಿ. ಹನ್ನೊಂದು. ನಾಲ್ಕಡಿ ಮುಂದೆ ಬಂದಿತ್ತು.

“ಅಂಗಡಿ ಹಳೇದು, ಅದು ಸರಿಯಾಗಿದೆ. ಚಪ್ಪರ ತಪ್ಪು,” ಎಂದು ಬರೆದುಕೊಂಡರು ಅಧಿಕಾರಿ. “ಉಳಿಸಬೇಕೋ ತೆಗೆಸಬೇಕೋ, ನಿಮ್ಮ ಸಮಿತಿಯೇ ಚರ್ಚೆ ಮಾಡಿ ನನಗೆ ಬರೀಲಿ. ಎಷ್ಟು ದಿನ ಬೇಕಾದ್ರೂ ತಗೊಳ್ಳಿ.”

ಎಷ್ಟು ದಿನ ಬೇಕಾದರೂ! ಮಿಕ್ಕವರು ‘ಅಯ್ಯೋ ಪಾಪ’ ಎನ್ನುತ್ತಿದ್ದರೆ ಟೇಲರ್‌ಗೆ ಕುಣಿಯುವಂತಾಯಿತು. ಚಪ್ಪರ ಹೋದರೆ ಹೋಗಲಿ, ಚರ್ಚೆ ಇದೆಯಲ್ಲ. ಆ ಸಂಜೆ ಬೆಂಚು ಒರೆಸಿದ, ಆರು ಲೋಟ ಸಾಲಾಗಿ ಇಟ್ಟ, ಹಾಲು ಹೆಚ್ಚಿಗೆ ಹಾಕಿ ಟೀ ಕಾಯಿಸಿದ.

ಐದು ಗಂಟೆಯಾಯಿತು. ಐದೂವರೆಯಾಯಿತು. ಟೀ ಮೇಲೆ ಕೆನೆ ಕಟ್ಟಿತು.

ಕೊನೆಗೆ ಮೇಷ್ಟರೂ, ಹುಲ್ಲುಗಾವಲಿನ ವಿಷಯ ಮುಗಿದದ್ದರಿಂದ ಸಮಿತಿಗೆ ಮತ್ತೆ ಸೇರಿಕೊಂಡಿದ್ದ ಹಾಲಿನವನೂ ಬಂದರು. ಮೇಷ್ಟರು ಒಳಗೆ ಬರಲಿಲ್ಲ. “ತಪ್ಪು ತಿಳೀಬೇಡ್ರಿ ಟೇಲರೇ. ಇವತ್ತಿಂದ ಸಭೆ ಬೇಕರೀಲಿ. ಯಾರ ಮನೆ ವಿಷಯವೋ ಅವರು ಕೂರೋ ಹಾಗಿಲ್ಲ. ನೀವೇ ಬರೆದಿದ್ದು.”

“ನಾನು ಟೀ ಕೊಟ್ಟು ಎದ್ದು ಬರ್ತೀನಿ ಮೇಷ್ಟ್ರೇ.”

“ಛೆ, ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ. ಅದೂ ನೀವೇ ಹೇಳಿದ್ದು.” ಮೇಷ್ಟರು ಕೆಮ್ಮಿದರು. “ಆಮೇಲೆ… ಬೇಕರೀಲಿ ಕೂರೋಕೆ ಏನೂ ಇಲ್ಲ. ಈ ಬೆಂಚು ಬೇಕಿತ್ತು.”

“ಲೋಟಾನೂ,” ಎಂದ ಹಾಲಿನವ.

ಬೆಂಚು ಭಾರವಾಗಿತ್ತು. ಟೇಲರೇ ಒಂದು ತುದಿ ಹಿಡಿದು ಬೇಕರಿಯ ಬಾಗಿಲವರೆಗೆ ಹೊತ್ತುಕೊಟ್ಟ. ಒಳಗೆ ದೀಪ, ಬಿಸಿ ಬ್ರೆಡ್ಡಿನ ವಾಸನೆ, ಜನ. ಹಾಲಿನವ ಹೊಸ್ತಿಲಲ್ಲಿ ನಿಂತು, “ಮೋರಿ ಕಟ್ಟೆ ಖಾಲಿ ಇದೆ ಟೇಲರೇ. ಬಲಗಡೆ ಕಲ್ಲು ಸ್ವಲ್ಪ ಅಲ್ಲಾಡುತ್ತೆ, ಎಡಗಡೆ ಕೂತ್ಕೊಳ್ಳಿ,” ಎಂದು ಬಾಗಿಲು ಎಳೆದುಕೊಂಡ. ವ್ಯಂಗ್ಯವೂ ಇರಬಹುದು, ಕಕ್ಕುಲಾತಿಯೂ ಇರಬಹುದು.

ಟೇಲರ್ ಎಡಗಡೆ ಕೂತ. ಅಲ್ಲಿಂದ ನಗು ಕೇಳುತ್ತದೆ, ಮಾತು ಕೇಳುವುದಿಲ್ಲ. ಎದುರಿಗೆ ಹುಲ್ಲುಗಾವಲು ಯಾವ ಗೋಡೆಯ ಕಾಟವೂ ಇಲ್ಲದೆ ಸಂಜೆಯ ಬೆಳಕಿಗೆ ಮೈಯೊಡ್ಡಿ ಮಲಗಿತ್ತು. ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಇನ್ನೂ ಇತ್ತು.

ಇದೆಲ್ಲ ಆಗಿ ಎಂಟು ತಿಂಗಳಾಯಿತು. ಚಪ್ಪರದ ತೀರ್ಮಾನ ಪ್ರತಿ ಸಂಜೆಯೂ ಮರುದಿನಕ್ಕೆ ಹೋಗುತ್ತಿದೆ. ಅಷ್ಟು ಸಣ್ಣ ತಗಡಿನ ಬಗ್ಗೆ ಅವರು ಅಷ್ಟು ದಿನ ಏನು ಮಾತಾಡುತ್ತಾರೋ, ಸಭೆ ಎಲ್ಲಿ ಬೇಗ ಮುಗಿದುಹೋದೀತೋ ಎಂಬ ಟೇಲರ್‌ನ ಹೆದರಿಕೆ ಈಗ ಆ ಬೆಂಚಿನ ಮೇಲೂ ಯಾರಿಗಾದರೂ ಇದೆಯೋ, ನನಗೆ ಗೊತ್ತಿಲ್ಲ.